ಅಗೆಯದೆ ಸಿಗುವ ನಿಧಿ

ನಮ್ಮ ಸೀಮೆಯಲ್ಲಿ ‘ನಿಧಿ’ ಎಂಬ ಮಾತು ಕಿವಿಗೆ ಬಿದ್ದರೆ ಹಿರಿಯರ ಮುಖ ಗಂಟಾಗುತ್ತದೆ. ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ, ಪೆನುಕೊಂಡ, ಎಲ್ಲಿ ನೋಡಿದರೂ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಬುಡದಲ್ಲಿ ಹಳೆಯ ಗುಡಿ. ಬಂಗಾರದ ಆಸೆಗೆ ಇಂಥ ಗುಡಿಗಳ ಪೀಠ ಕಿತ್ತವರು, ಕಲ್ಲು ಒಡೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಮಣ್ಣು. ನಾವು ಕಳೆದುಕೊಂಡದ್ದು ಮಾತ್ರ ಮತ್ತೆ ಬಾರದ ಶಿಲ್ಪ.

ಹೀಗಿರುವಾಗ, ಅಂಗಡಿ ಬಾಗಿಲು ಹಾಕಿದ ಒಂದು ಭಾನುವಾರ ನಾವು ಮಕ್ಕಳನ್ನು ಕಟ್ಟಿಕೊಂಡು ಕುಂದುರ್ಪಿ ದುರ್ಗ ಹತ್ತಿದೆವು. ಬೆಂಗಳೂರಿನಲ್ಲಿ ಓದುತ್ತಿರುವ ತಮ್ಮನ ಮಗ ಕೈಯಲ್ಲಿದ್ದ ಮೊಬೈಲ್ ನೋಡುತ್ತ, “ದೊಡ್ಡಪ್ಪ, ಇಲ್ಲಿ ಯಾರೂ ನಿಧಿ ಬಚ್ಚಿಟ್ಟಿಲ್ಲವೇ?” ಎಂದ. ನಾವು ಗದರಿಸಲು ಹೊರಟೆವು. ಅವನು ನಕ್ಕು, “ಅಗೆಯುವ ನಿಧಿ ಅಲ್ಲ ದೊಡ್ಡಪ್ಪ, ಇದು ಆಟ. ಜಿಯೋಕ್ಯಾಶಿಂಗ್ ಅಂತಾರೆ” ಎಂದು ವಿವರಿಸತೊಡಗಿದ. ಕೇಳಿದ ಮೇಲೆ ಇದನ್ನು ನಮ್ಮ ಓದುಗ ಬಂಧುಗಳಿಗೂ ತಿಳಿಸಬೇಕೆನಿಸಿತು.

ಆಟದ ಹುಟ್ಟು

ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ ನಾವಿರುವ ಜಾಗವನ್ನು ತಿಳಿಸುವ ವ್ಯವಸ್ಥೆಯೇ ಜಿಪಿಎಸ್. ಮೊದಲು ಸಾಮಾನ್ಯ ಜನರಿಗೆ ದೊರೆಯುವ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಮಸುಕನ್ನು ತೆಗೆಯಿತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಹೊರವಲಯದ ಕಾಡಿನಲ್ಲಿ ಒಂದು ಬಕೆಟ್ಟು ಇಟ್ಟು, ಅದರೊಳಗೆ ಒಂದು ಪುಸ್ತಕ, ಪೆನ್ಸಿಲು, ಕೆಲವು ಸಣ್ಣಪುಟ್ಟ ವಸ್ತುಗಳನ್ನು ಹಾಕಿ, ಅದಿರುವ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ಸಾರಿದರು. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಇನ್ನೊಂದನ್ನು ಇಡಬೇಕು. ಇಷ್ಟೇ ಆಟ. ಇಂದು ಜಗತ್ತಿನಾದ್ಯಂತ ಇಂಥ ಪೆಟ್ಟಿಗೆಗಳು ಲಕ್ಷಗಟ್ಟಲೆ ಇವೆ.

ವ್ಯಾಪಾರದ ಮನೆಯವರಾದ ನಮಗೆ ಇದರ ಲೆಕ್ಕಾಚಾರ ಹಿಡಿಸಿತು. ತೆಗೆದುಕೊಂಡಷ್ಟೇ ಬೆಲೆಯದನ್ನೋ, ಅದಕ್ಕಿಂತ ಹೆಚ್ಚಿನದನ್ನೋ ಇಡಬೇಕೆಂಬುದು ಇಲ್ಲಿಯ ರೂಢಿ. ಜಾಗದ ಒಡೆಯರ ಅನುಮತಿ ಇಲ್ಲದೆ ಪೆಟ್ಟಿಗೆ ಇಡುವಂತಿಲ್ಲ. ನೆಲ ಅಗೆದು ಹೂಳುವಂತಿಲ್ಲ. ಪ್ರಾಣಿಗಳು ವಾಸನೆ ಹಿಡಿದು ಬರುವುದರಿಂದ ತಿನ್ನುವ ಪದಾರ್ಥ ಇಡುವಂತಿಲ್ಲ. ಅಂಗಡಿಯ ಜಾಹೀರಾತಂತೂ ಕೂಡದು! ಅಹಿಂಸೆ, ಅಪರಿಗ್ರಹಗಳ ಮಾತು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ನಿಯಮಗಳನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವಿಲ್ಲ.

ಊರಿಗೇನು ಲಾಭ?

ಮೊದಲನೆಯದು ಶುಚಿ. ಈ ಆಟಗಾರರು 2002ರಿಂದ ಒಂದು ಪದ್ಧತಿ ಬೆಳೆಸಿದ್ದಾರೆ. ಪೆಟ್ಟಿಗೆ ಹುಡುಕಲು ಹೋಗುವಾಗ ಖಾಲಿ ಚೀಲ ಒಯ್ಯುವುದು, ಬರುವಾಗ ಉದ್ಯಾನದ ಕಸ ತುಂಬಿ ತರುವುದು. ಅದನ್ನು ಕೇಳಿದ ನಮ್ಮ ಮಕ್ಕಳು ಅಂದೇ ದುರ್ಗದ ಮೆಟ್ಟಿಲ ಬದಿಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಆರಿಸತೊಡಗಿದರು. ಎರಡು ಚೀಲ ತುಂಬಿತು. ಅದರಲ್ಲಿ ನಮ್ಮ ಬಳಗದವರೇ ಹಿಂದೊಮ್ಮೆ ತಂದು ಬಿಟ್ಟ ಕುರುಕುಲಿನ ಪೊಟ್ಟಣವೂ ಇತ್ತು. ಮಕ್ಕಳು ಏನೂ ಅನ್ನಲಿಲ್ಲ. ನಾವು ತಲೆ ತಗ್ಗಿಸಿದೆವು.

ಎರಡನೆಯದು ಕಾವಲು. ಜನ ಕಾಲಿಡದ ಜಾಗ ಕಳ್ಳರಿಗೆ ಅನುಕೂಲ. ವಾರಕ್ಕೊಮ್ಮೆಯಾದರೂ ನಾಲ್ಕು ಸಂಸಾರ ಬಂದು ಹೋಗುವ ಬೆಟ್ಟದಲ್ಲಿ ಗುದ್ದಲಿ ಹಿಡಿಯಲು ಅವರು ಹಿಂಜರಿಯುತ್ತಾರೆ. ಮೂರನೆಯದು, ಬಂದವರು ಎಳನೀರು ಕುಡಿಯುತ್ತಾರೆ, ಚಹಾ ಕೇಳುತ್ತಾರೆ, ದಾರಿ ಕೇಳುವ ನೆಪದಲ್ಲಿ ಊರಿನವರೊಡನೆ ನಾಲ್ಕು ಮಾತಾಡುತ್ತಾರೆ. ಪೇಟೆಯ ದಾರಿ ಹಿಡಿದ ಕಾಸು ಅಷ್ಟಾದರೂ ಹಳ್ಳಿಯಲ್ಲಿ ಉಳಿಯುತ್ತದೆ.

ನಮ್ಮ ಸೀಮೆಯ ನಿಜವಾದ ನಿಧಿ

ಹುಡುಕಲು ನಮ್ಮಲ್ಲಿ ಏನಿದೆ ಎನ್ನುವಿರಾ? ಅಮರಾಪುರದ 1278ರ ಶಾಸನವನ್ನೇ ನೋಡಿ. ಇರುಂಗೋಳನ ಆಳ್ವಿಕೆಯಲ್ಲಿ ಮಲ್ಲಿಸೆಟ್ಟಿ ಎಂಬ ಶ್ರಾವಕನು ತಮ್ಮಡಹಳ್ಳಿಯ 2,000 ಅಡಿಕೆ ಮರಗಳನ್ನು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ದಾನವಿತ್ತನು. ಆತನ ತಂದೆ ಬೊಮ್ಮಿಸೆಟ್ಟಿ, ತಾಯಿ ಮೇಲವ್ವೆ. ಎಲ್ಲಿಯ ತೋಟ, ಯಾರಿಗೆ ಕೊಟ್ಟದ್ದು, ಕೊಟ್ಟವರಾರು ಎಂದು ಏಳುನೂರು ವರ್ಷ ದಾಟಿದ ಮೇಲೂ ಓದಿ ತಿಳಿಯುವಂತೆ ಕಲ್ಲಿನಲ್ಲಿ ವಿಳಾಸ ಬರೆಸಿಟ್ಟ ದಾನವದು.

ಇನ್ನು ಗುಂತಕಲ್ಲು ಕಡೆಯ ಕೊನಕೊಂಡ್ಲ. ಆಚಾರ್ಯ ಕುಂದಕುಂದರ ಹೆಸರಿನೊಡನೆ ಬೆಸೆದ ಊರದು. ಪೆನುಕೊಂಡದಲ್ಲಿ ಪಚ್ಚೆ ಪಾರ್ಶ್ವನಾಥ ಬಸದಿಯಿದೆ. ನೊಳಂಬರ ರಾಜಧಾನಿ ಹೆಂಜೇರು ಇಂದಿನ ಹೇಮಾವತಿ. 2022ರಲ್ಲಿ ಜಿಲ್ಲೆ ಒಡೆದು, ಹಿಂದೂಪುರ, ಪೆನುಕೊಂಡಗಳು ಶ್ರೀ ಸತ್ಯಸಾಯಿ ಜಿಲ್ಲೆಗೂ, ಕುಂದುರ್ಪಿ, ಕಲ್ಯಾಣದುರ್ಗಗಳು ಅನಂತಪುರಕ್ಕೂ ಉಳಿದವು. ಕಲ್ಲುಗಳಿಗೆ ಆ ಗೆರೆ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಆ ಕಲ್ಲಿನ ಮೇಲಿನ ಅಕ್ಷರ ತಮ್ಮದೇ ಎಂದು ತಿಳಿಯಬೇಡವೇ?

ಬೆಂಗಳೂರಿನವರು ಮಾಡಿ ತೋರಿಸಿದ್ದಾರೆ. ಅಲ್ಲಿ ಆಸಕ್ತ ನಾಗರಿಕರು ಹಳೆಯ ಶಾಸನ ಸಂಪುಟಗಳನ್ನು ಕೈಯಲ್ಲಿ ಹಿಡಿದು, ಊರೂರು ಅಲೆದು, ಪ್ರತಿ ಕಲ್ಲಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. 2018ರಲ್ಲಿ ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಜನರೇ ಹಣ ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮದ ಚಿತ್ರವಾಗಿ ಉಳಿಸುವ ಕೆಲಸ ಕೈಗೊಂಡಿತು. ಹುಡುಕಾಟದಿಂದ ಆರಂಭವಾದದ್ದು ಊರಿನ ಹೆಮ್ಮೆಯಾಯಿತು.

ಕೆಲವು ಎಚ್ಚರಿಕೆಗಳು

ಬಸದಿ, ಕೋಟೆಯಂಥ ಸ್ಥಳಗಳಲ್ಲಿ ಪೆಟ್ಟಿಗೆ ಬೇಡವೇ ಬೇಡ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಬೆದರುತ್ತಾರೆ, ಪೊಲೀಸರು ಬರುತ್ತಾರೆ. ‘ನಿಧಿ’ ಎಂಬ ಸುದ್ದಿ ಹಬ್ಬಿದರಂತೂ ಗುದ್ದಲಿಗಳೇ ಬರುತ್ತವೆ. ಪೆಟ್ಟಿಗೆಯಿಲ್ಲದೆಯೂ ಈ ಆಟ ಆಡಬಹುದು. 2004ರಿಂದ ‘ಅರ್ತ್‌ಕ್ಯಾಶ್’ ಎಂಬ ಬಗೆಯಿದೆ. ಅಲ್ಲಿ ಹೋಗಿ ಬಂಡೆಯನ್ನು, ನೆಲವನ್ನು ನೋಡಿ ಪ್ರಶ್ನೆಗೆ ಉತ್ತರ ಬರೆಯಬೇಕು, ಅಷ್ಟೇ. ಅದರಂತೆ ನಾವೂ ಪ್ರಶ್ನೆ ಮಾಡಬಹುದು. ಬಾಗಿಲವಾಡದ ಮೇಲೆ ಯಾವ ಶಿಲ್ಪವಿದೆ? ಕಲ್ಲಿನಲ್ಲಿ ಎಷ್ಟು ಸಾಲು ಬರಹವಿದೆ? ಉತ್ತರ ಬೇಕಾದರೆ ಕಣ್ಣಿಟ್ಟು ನೋಡಲೇಬೇಕು. ಪೆಟ್ಟಿಗೆ ಇಡುವುದಾದರೆ ಪುರಸಭೆಯ ಉದ್ಯಾನವೋ ಶಾಲೆಯ ತೋಟವೋ ಸಾಕು. ಅನುಮತಿ ಪಡೆದು, ಒಳಗಿರುವುದು ಹೊರಗೆ ಕಾಣುವ ಡಬ್ಬಿಯಲ್ಲಿ, ಮೇಲೆ ವಿವರ ಬರೆದು ಇಡೋಣ. ಕಲ್ಲು ಮಗುಚಬಾರದು, ಅದರಡಿಯಲ್ಲಿ ಜೀವಗಳಿರುತ್ತವೆ. ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕೆಂಬುದು ಊಟದ ನಿಯಮವಿರುವ ನಮ್ಮವರಿಗೆ ಬೇರೆ ಹೇಳಬೇಕಿಲ್ಲ.

ಪ್ರತಿ ಊರಿನ ಯುವಕ ಸಂಘ, ಮಹಿಳಾ ಸಮಾಜಗಳು ವರ್ಷಕ್ಕೊಂದು ಬಸದಿ, ಒಂದು ಶಾಸನ, ಒಂದು ಉದ್ಯಾನವನ್ನು ಆರಿಸಿಕೊಂಡರೆ ಸಾಕು. ಜಾಗ ಗುರುತಿಸಿ, ಸುತ್ತಲಿನ ಕಸ ತೆಗೆದು, ಊರಿನ ಹಿರಿಯರಿಂದ ಕಥೆ ಕೇಳಿ ಬರೆದುಕೊಂಡರೆ ನಮ್ಮ ಭಾಗದ ಒಂದು ನಕ್ಷೆ ತಾನಾಗಿ ಸಿದ್ಧವಾಗುತ್ತದೆ.

ಅಂದು ದುರ್ಗ ಇಳಿದು ಬರುವಾಗ ಆ ಹುಡುಗ ಕೇಳಿದ: “ದೊಡ್ಡಪ್ಪ, ಮಲ್ಲಿಸೆಟ್ಟಿಯ ಕಲ್ಲು ನೀವು ನೋಡಿದ್ದೀರಾ?” ಅಮರಾಪುರದ ಸಂತೆಗೆ ನಾವು ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಕಲ್ಲು ನೋಡಿಲ್ಲ. ಬರುವ ಭಾನುವಾರ ಹೊರಟಿದ್ದೇವೆ. ನೀವೂ ನಿಮ್ಮೂರಿನ ಕಲ್ಲು ಹುಡುಕಿರಿ.