ಪರಾತದಲ್ಲಿ ಸಿಕ್ಕ ನ್ಯಾನೊಮೀಟರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕೂ ಕಡೆಯ ಮಕ್ಕಳು ಒಟ್ಟಿಗೆ ಓದುವ ವಸತಿ ಶಾಲೆಯೊಂದು. ಅದರ ಹೆಸರು ಇಲ್ಲಿ ಬೇಡ. ಗೇಟು ದಾಟಿದರೆ ಎಡಕ್ಕೆ ಊಟದ ಮನೆ, ಬಲಕ್ಕೆ ಉದ್ದನೆಯ ವರಾಂಡ. ವರಾಂಡದ ತುದಿಯಲ್ಲಿ ವಿಜ್ಞಾನದ ಪ್ರಯೋಗಾಲಯ. ಬಾಗಿಲ ಮೇಲಿನ ಬೋರ್ಡಿನ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ‘ನ್ಯಾನೊ ಕೋಣೆ’ ಎಂದು ಬರೆದಿದ್ದಾರೆ. ಅಕ್ಷರ ನೋಡಿದರೆ ಮಕ್ಕಳದ್ದೇ ಕೆಲಸ ಎನಿಸುತ್ತದೆ. ಒಂಬತ್ತನೇ ತರಗತಿಯವರಿಗೆ ವಾರಕ್ಕೊಂದು ಮಧ್ಯಾಹ್ನ ಇಲ್ಲಿ ಪಾಠ.

ಕೋಣೆ ತಲುಪುವ ಮೊದಲೇ ಪಾಠ ಶುರುವಾಗಿರುತ್ತದೆ. ವರಾಂಡದ ಗೋಡೆಗೆ ನಾಲ್ಕು ಕಿಟಕಿ. ಮೊದಲನೆಯದರ ಕೆಳಗೆ ‘ಮೀಟರ್’ ಎಂಬ ಚೀಟಿ, ಎರಡನೆಯದಕ್ಕೆ ‘ಮಿಲಿಮೀಟರ್’, ಮೂರನೆಯದಕ್ಕೆ ‘ಮೈಕ್ರೊಮೀಟರ್’, ಕೊನೆಯದಕ್ಕೆ ‘ನ್ಯಾನೊಮೀಟರ್’. ಒಂದು ಕಿಟಕಿಯಿಂದ ಮುಂದಿನದಕ್ಕೆ ಹೋದರೆ ಸಾವಿರ ಪಟ್ಟು ಚಿಕ್ಕದು. ನಡೆಯುವಾಗ ಹತ್ತು ಹೆಜ್ಜೆಯ ಮಾತು, ಆದ್ದರಿಂದ ಈ ಸಾವಿರ ಅಷ್ಟು ಸುಲಭಕ್ಕೆ ಮನಸ್ಸಿಗೆ ನಾಟುವುದಿಲ್ಲ. ಅದನ್ನು ಅರಿತೇ ಇರಬೇಕು, ಕೊನೆಯ ಕಿಟಕಿಯ ಕೆಳಗೆ ಒಂದು ಜೋಳದ ಕಾಳು ಅಂಟಿಸಿ ಬರೆದಿದ್ದಾರೆ: ಒಂದು ನ್ಯಾನೊಮೀಟರ್ ಈ ಕಾಳಿನಷ್ಟು ದಪ್ಪಗಾದರೆ ನಿಮ್ಮ ತಲೆಗೂದಲು 300 ಮೀಟರ್ ದಪ್ಪಗಾಗುತ್ತದೆ. ಲೆಕ್ಕ ಸರಿಯೇ. ಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್, ಕಾಳು ನಾಲ್ಕು ಮಿಲಿಮೀಟರ್.

ಒಳಗೆ ಹೋದರೆ ಎದುರಿಗೇ ಸಿ.ಎನ್.ಆರ್. ರಾವ್ ಅವರ ಚಿತ್ರ. 2014ರಲ್ಲಿ ಭಾರತ ರತ್ನ ಪಡೆದ, ಬೆಂಗಳೂರನ್ನು ನ್ಯಾನೊ ವಿಜ್ಞಾನದ ಊರಾಗಿಸಿದ ಹಿರಿಯರು. ಬೆಂಗಳೂರಿನ ನ್ಯಾನೊ ಸಮಾವೇಶದಲ್ಲಿ ಎಳೆಯರಿಗೆಂದೇ ಕಾರ್ಯಕ್ರಮ ನಡೆಯುತ್ತದೆ. ಆದರೆ ಅದು ಇಲ್ಲಿಗೆ ಐನೂರು ಕಿಲೋಮೀಟರ್ ದೂರ. ಮೂಲೆಯಲ್ಲಿ 3ಡಿ ಪ್ರಿಂಟರ್ ಇದೆ, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದೆ. ಕೆಟ್ಟಿದೆಯೋ, ಧೂಳಿಗೆ ಹೆದರಿ ಮುಚ್ಚಿಟ್ಟಿದ್ದಾರೋ, ನಾನು ಕೇಳಲಿಲ್ಲ. ಆ ದಿನ ಯಾರೂ ಅದರ ಹತ್ತಿರ ಸುಳಿಯಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಮೊದಲ ಮೇಜಿನಲ್ಲಿ ಕತ್ತರಿ, ಕಾಗದ. 20 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಬೇಕು, ಉಳಿದದ್ದನ್ನು ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ಎಂಟನೇ ಸಲಕ್ಕೆ ಮುಕ್ಕಾಲು ಮಿಲಿಮೀಟರ್ ಉಳಿಯುತ್ತದೆ, ಅಲ್ಲಿಗೆ ಕತ್ತರಿಯ ಆಟ ಮುಗಿಯಿತು. ಒಂದು ನ್ಯಾನೊಮೀಟರ್ ಮುಟ್ಟಲು 28 ಸಲ ಕತ್ತರಿಸಬೇಕು. ಇಪ್ಪತ್ತೆಂಟೇನಾ ಎಂದು ಮಕ್ಕಳಿಗೆ ಮೊದಲು ನಿರಾಸೆ. ಲಕ್ಷ, ಕೋಟಿ ಎಂದುಕೊಂಡಿದ್ದರು. ಉಳಿದ ಇಪ್ಪತ್ತು ಸಲವನ್ನು ಕೈಯಲ್ಲಿ ಮಾಡಲಾಗದು ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಎರಡನೇ ಮೇಜಿನ ಮೇಲೆ ಮುಚ್ಚಿ ಅಂಟಿಸಿದ ಶೂ ಡಬ್ಬಿ. ಮುಚ್ಚಳದ ತುಂಬ ಸಾಲು ಸಾಲಾಗಿ ತೂತು. ಒಳಗೇನಿದೆ ನೋಡುವಂತಿಲ್ಲ. ಗುರುತು ಹಾಕಿದ ಕಡ್ಡಿಯನ್ನು ಒಂದೊಂದೇ ತೂತಿನಲ್ಲಿ ಇಳಿಸಿ, ಎಷ್ಟು ಆಳಕ್ಕೆ ಹೋಯಿತೆಂದು ಗ್ರಾಫ್ ಹಾಳೆಯಲ್ಲಿ ತುಂಬುತ್ತ ಹೋಗಬೇಕು. 1981ರಲ್ಲಿ ಬಂದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕವೂ ಕಣ್ಣಿನಿಂದ ನೋಡುವ ಯಂತ್ರವಲ್ಲ. ಚೂಪಾದ ಮೊನೆಯನ್ನು ಮೇಲ್ಮೈಗೆ ತಾಗುವಷ್ಟು ಹತ್ತಿರ ಒಯ್ದು ಉಬ್ಬುತಗ್ಗು ಓದುತ್ತದೆ. ಅದನ್ನು ಕಟ್ಟಿದವರಿಗೆ 1986ರಲ್ಲಿ ನೊಬೆಲ್ ಬಂತು. ಗ್ರಾಫ್ ಹಾಳೆಯಲ್ಲಿ ಗುಂಡನೆಯ ಉಬ್ಬೊಂದು ಮೂಡುತ್ತಿದ್ದಂತೆ ಹುಡುಗಿಯೊಬ್ಬಳು, “ಗೋಳಗುಮ್ಮಟ ಐತಿ ನೋಡ್ರಿ ಸರ್” ಎಂದಳು. ಡಬ್ಬಿ ಬಿಚ್ಚಿದರೆ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಚೆಂಡು. ತೂತುಗಳು ಇನ್ನಷ್ಟು ಒತ್ತಾಗಿದ್ದಿದ್ದರೆ ಚಿತ್ರ ಇನ್ನೂ ಸ್ಪಷ್ಟವಾಗಿರುತ್ತಿತ್ತು ಎಂಬುದನ್ನೂ ಅವಳೇ ಹೇಳಿದಳು.

ಮೂರನೆಯದು ಮೇಜಲ್ಲ, ನೆಲ. ಊಟದ ಮನೆಯಿಂದ ತಂದ ಅಗಲವಾದ ಪರಾತಗಳು. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ.

ಪರಾತದಲ್ಲಿ ಎರಡು ಬೆರಳು ನೀರು. ಬೋರಿನ ನೀರಲ್ಲ, ಫಿಲ್ಟರ್ ನೀರು. ಈ ಸೀಮೆಯ ಬೋರಿನ ನೀರು ಗಡಸು, ಅದರಲ್ಲಿರುವ ಸುಣ್ಣದಂಶ ಪ್ರಯೋಗಕ್ಕೆ ಬಳಸುವ, ಎಣ್ಣೆಯಂಥ ಓಲಿಕ್ ಆಮ್ಲದ ಜೊತೆ ಸೇರಿದರೆ ಸಾಬೂನಿನ ಕೆನೆ ಕಟ್ಟಿ ಲೆಕ್ಕ ಕೆಡುತ್ತದೆ. ನೀರಿನ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸುತ್ತಾರೆ. ಓಲಿಕ್ ಆಮ್ಲವನ್ನು ಮೊದಲೇ ಸ್ಪಿರಿಟ್‌ನಲ್ಲಿ ಕರಗಿಸಿಟ್ಟಿದ್ದಾರೆ: ಒಂದು ಮಿಲಿ ಆಮ್ಲ 20 ಮಿಲಿಗೆ, ಅದರಲ್ಲಿ ಒಂದು ಮಿಲಿ ಮತ್ತೆ 20 ಮಿಲಿಗೆ. ಹೀಗೆ 400ಕ್ಕೆ ಒಂದು ಪಾಲು. ಡ್ರಾಪರ್‌ನಿಂದ ಎಣಿಸಿ ನೋಡಿದ್ದಾರೆ, ಒಂದು ಮಿಲಿಗೆ 50 ಹನಿ. ಈಗ ಒಂದೇ ಒಂದು ಹನಿ ನೀರಿನ ನಡುವೆ.

ಪೌಡರ್ ಥಟ್ಟನೆ ಹಿಂದೆ ಸರಿಯಿತು. ನಡುವೆ ದುಂಡಗೆ ಸ್ವಚ್ಛ ನೀರು. ಸ್ಪಿರಿಟ್ ಆರಿ, ನೀರಲ್ಲಿ ಕರಗಿ ಹೋಯಿತು, ಮೇಲೆ ಉಳಿದದ್ದು ಆಮ್ಲದ ಒಂದೇ ಪದರ. ಸ್ಕೇಲ್ ಹಿಡಿದರು. ಅಡ್ಡಗಲ 18 ಸೆಂಟಿಮೀಟರ್. ಹನಿಯೊಳಗಿದ್ದ ಆಮ್ಲವನ್ನು ವೃತ್ತದ ಕ್ಷೇತ್ರಫಲದಿಂದ ಭಾಗಿಸಿದರೆ ಪದರದ ದಪ್ಪ ಬಂತು: ಸುಮಾರು 2 ನ್ಯಾನೊಮೀಟರ್. ಒಂದು ಅಣುವಿನ ಎತ್ತರ, ಊಟದ ಮನೆಯ ಪರಾತದಲ್ಲಿ.

ಪಕ್ಕದ ಗುಂಪಿಗೆ 12 ಸೆಂಟಿಮೀಟರ್ ಬಂತು, ದಪ್ಪ 4 ನ್ಯಾನೊಮೀಟರ್ ಮೀರಿತು. ಮತ್ತೊಂದಕ್ಕೆ 25 ಬಂತು, ದಪ್ಪ ಒಂದಕ್ಕಿಳಿಯಿತು. ಯಾರದು ಸರಿ ಎಂದು ಜಗಳ. ಪೌಡರ್ ಹೆಚ್ಚು ಬಿದ್ದಿದ್ದರೆ ಹನಿಗೆ ಹರಡಲು ಬಿಡುವುದಿಲ್ಲ, ಪರಾತಕ್ಕೆ ಜಿಡ್ಡು ಉಳಿದಿದ್ದರೂ ಹಾಗೇ. ಶಿಕ್ಷಕರು ಉತ್ತರ ಹೇಳದೆ ಮೂರೂ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಿಟ್ಟರು. ಮೂರೂ ಒಂದೇ ಅಳತೆಯ ಆಸುಪಾಸಿನಲ್ಲಿವೆ, ಒಂದೂ ಸಾವಿರಕ್ಕೆ ಹೋಗಿಲ್ಲ, ಅಷ್ಟು ಸಾಕು ಎಂದರು. ನನಗೂ ಅದು ಸರಿ ಎನಿಸಿತು. ಈ ಪ್ರಯೋಗ ಹನ್ನೊಂದನೇ ತರಗತಿಯ ಭೌತವಿಜ್ಞಾನದ ಪುಸ್ತಕದಲ್ಲಿ ವರ್ಷಗಟ್ಟಲೆ ಇತ್ತು. ಮಾಡಿಸಿದವರು ಕಡಿಮೆ, ಬರೆಸಿದವರೇ ಹೆಚ್ಚು.

ಆಮೇಲೆ ಶಿಕ್ಷಕರು ಬೆಂಜಮಿನ್ ಫ್ರಾಂಕ್ಲಿನ್ ಕಥೆ ತೆಗೆದರು. ಲಂಡನ್ ಹತ್ತಿರದ ಕ್ಲಾಪಂ ಕೆರೆಗೆ ಆತ ಒಂದು ಚಮಚೆಯಷ್ಟು ಎಣ್ಣೆ ಸುರಿದ, ಅರ್ಧ ಎಕರೆ ನೀರು ಕನ್ನಡಿಯಾಯಿತು. 1774ರಲ್ಲಿ ಅದನ್ನು ಪ್ರಕಟಿಸಿದ. ಅರ್ಧ ಎಕರೆ ಎಂದರೆ 20 ಗುಂಟೆ, ಇದು ಈ ಮಕ್ಕಳಿಗೆ ವಿವರಿಸಬೇಕಾದ ಅಳತೆಯಲ್ಲ. ಭಾಗಿಸಿ ನೋಡಿದರು, ಎರಡೂವರೆ ನ್ಯಾನೊಮೀಟರ್. ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲೇ ಇಲ್ಲ. ಮಾಡಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು, 1890ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಮಾಡಿದ. ಅದೇ ಕಾಲದಲ್ಲಿ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬಾಕೆ, ಕಾಲೇಜು ಮೆಟ್ಟಿಲು ಹತ್ತದೆ, ಮನೆಗೆಲಸದ ನಡುವೆ ನೀರಿನ ತೊಟ್ಟಿ ಇಟ್ಟುಕೊಂಡು ಇಂಥವೇ ಪದರಗಳನ್ನು ಅಳೆಯುತ್ತಿದ್ದಳು. ರೇಲಿಯೇ ಮುಂದೆ ನಿಂತು ಅವಳ ಪತ್ರವನ್ನು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾಕಿಸಿದ.

ಕಿಟಕಿ ಪಕ್ಕದ ಮೇಜಿನಲ್ಲಿ ಎಲೆಗಳು. ತಾವರೆ ಎಲೆ ಸಿಕ್ಕಿಲ್ಲ. ಕೆಸುವಿನ ಎಲೆ, ಕ್ಯಾಬೇಜ್, ಎಳೆ ಜೋಳದ ಗರಿ, ಜೊತೆಗೊಂದು ಗೊನೆ ದ್ರಾಕ್ಷಿ. ಕೆಸುವಿನ ಎಲೆಯ ಮೇಲೆ ಹನಿ ಉರುಳುತ್ತ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಎಲೆಯ ಸಣ್ಣ ಉಬ್ಬುಗಳು, ಅವುಗಳ ಮೇಲಿನ ಇನ್ನೂ ಸಣ್ಣ ಮೇಣದ ಎಳೆಗಳು ನೀರಿಗೆ ಹಿಡಿತ ಕೊಡುವುದಿಲ್ಲ. ದ್ರಾಕ್ಷಿಯ ಮೇಲಿನ ಬಿಳಿ ಪುಡಿ ಔಷಧಿಯದ್ದು ಎಂದೇ ಅನೇಕರ ನಂಬಿಕೆ. ಔಷಧಿ ಹೊಡೆದ ಕಲೆ ಇರಬಹುದು, ಆದರೆ ಕಾಯಿಯೇ ಹೊದ್ದುಕೊಳ್ಳುವ ಮೇಣವೂ ಅಲ್ಲಿರುತ್ತದೆ. ಹೆಬ್ಬೆರಳಿನಿಂದ ಉಜ್ಜಿ ಹನಿ ಬಿಟ್ಟರೆ, ಮೊದಲು ಗುಂಡಗೆ ನಿಲ್ಲುತ್ತಿದ್ದದ್ದು ಚಪ್ಪಟೆಯಾಗಿ ಹರಡುತ್ತದೆ. ದ್ರಾಕ್ಷಿ ಸೀಮೆಯ ಮಕ್ಕಳಿಗೆ ಇದು ಹೊಸದು, ಆಶ್ಚರ್ಯ.

ಮುಂದಿನ ಮೇಜು ಪೆನ್ಸಿಲ್ ಮತ್ತು ಸೆಲ್ಲೋ ಟೇಪಿನದು. ಪೆನ್ಸಿಲ್ ಗೀಚನ್ನು ಟೇಪಿನಿಂದ ಎತ್ತಿ ಎತ್ತಿ ತೆಳ್ಳಗೆ ಮಾಡುವುದು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಪದರ, ದೊರೆತದ್ದು ಟೇಪಿನಿಂದಲೇ. ಆದರೆ ಇಲ್ಲಿ ಒಂದೇ ಪದರ ಬಂತೋ ಇಲ್ಲವೋ ನೋಡುವ ಸಾಧನವಿಲ್ಲ, ಮಕ್ಕಳೂ ಬೇಗ ಎದ್ದುಹೋದರು.

ಬೆಳ್ಳಿಯ ಮೇಜಿನಲ್ಲಿ ಮಾತ್ರ ನನಗೆ ಕಸಿವಿಸಿ. ಸಿಲ್ವರ್ ನೈಟ್ರೇಟಿನ ತೆಳು ದ್ರಾವಣಕ್ಕೆ ತುಳಸಿ ಎಲೆಯ ಕಷಾಯ ಹಾಕಿ ಬಿಸಿಮಾಡಿದರು. ನಿಧಾನಕ್ಕೆ ಹಳದಿ, ಆಮೇಲೆ ಕಂದು. ಬೆಳ್ಳಿಯ ಕಣ ನ್ಯಾನೊ ಗಾತ್ರಕ್ಕಿಳಿದರೆ ಬೆಳ್ಳಗಿರುವುದಿಲ್ಲ. ಚಿನ್ನವೂ ಹಾಗೆಯೇ, 1857ರಲ್ಲಿ ಮೈಕೇಲ್ ಫ್ಯಾರಡೆ ಮಾಡಿದ ಚಿನ್ನದ ದ್ರಾವಣ ಮಾಣಿಕ್ಯದ ಕೆಂಪು. ಲೇಸರ್ ಟಾರ್ಚ್ ಹಾಯಿಸಿದರೆ ಉಪ್ಪುನೀರಿನಲ್ಲಿ ಕಿರಣ ಕಾಣದು, ಈ ಲೋಟದಲ್ಲಿ ಗೆರೆ ಎದ್ದು ಕಾಣುತ್ತದೆ. ಚೆಂದವೇ. ಆದರೆ ತುಳಸಿ ಕಷಾಯಕ್ಕೇ ಸ್ವಲ್ಪ ಬಣ್ಣವಿದೆ, ಸೋಸದಿದ್ದರೆ ಅದರಲ್ಲೂ ಗೆರೆ ಕಾಣುತ್ತದೆ. ಬರೀ ಕಷಾಯದ ಲೋಟವೊಂದು ಪಕ್ಕಕ್ಕಿರಬೇಕಿತ್ತು, ಇರಲಿಲ್ಲ. ಆ ಕಂದು ಎಲ್ಲವೂ ಬೆಳ್ಳಿಯದೇ ಎನ್ನಲು ನನಗೆ ಧೈರ್ಯವಿಲ್ಲ. ಒಬ್ಬ ಹುಡುಗ ಬೋರಿನ ನೀರು ಬಳಸಿದ್ದ. ಲೋಟ ಹಾಲಿನಂತೆ ಬೆಳ್ಳಗಾಯಿತು, ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡಿತು. ಕೆಟ್ಟುಹೋದ ಆ ಲೋಟದ ಬಗ್ಗೆಯೇ ಹೆಚ್ಚು ಪ್ರಶ್ನೆ ಬಂದವು. ಪಿರಿಯಡ್ ಮುಗಿದಾಗ ಲೋಟಗಳನ್ನೆಲ್ಲ ಹಿಂದಿನ ಬೇವಿನ ಬುಡಕ್ಕೆ ಸುರಿದರು. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು ಹತ್ತು ನಿಮಿಷ ಮೊದಲು ಪಾಠದಲ್ಲೇ ಬಂದಿತ್ತು. ಮಣ್ಣಿನಲ್ಲೂ ಸೂಕ್ಷ್ಮಜೀವಿಗಳಿವೆ.

ಕೊನೆಯ ಮೇಜಿಗೆ ಬರುವ ಮುನ್ನ ಹಲಗೆಯ ಮೇಲೊಂದು ಲೆಕ್ಕ: ಒಂದು ಸೆಂಟಿಮೀಟರಿನ ಘನದ ಮೈ 6 ಚದರ ಸೆಂಟಿಮೀಟರ್. ಅದನ್ನೇ ನ್ಯಾನೊಮೀಟರ್ ಘನಗಳಾಗಿ ತುಂಡರಿಸಿದರೆ ಒಟ್ಟು ಮೈ 6,000 ಚದರ ಮೀಟರ್, ಹೆಚ್ಚುಕಡಿಮೆ ಒಂದೂವರೆ ಎಕರೆ. ಬೆಲ್ಲ ಪುಡಿಮಾಡಿದರೆ ಬೇಗ ಕರಗುವುದೂ ಇದೇ ಕಾರಣಕ್ಕೆ.

ಕೊನೆಯ ಮೇಜಿನ ಮೇಲೆ ಮಗುವೊಂದು ಹೊಲದಿಂದ ತಂದ ನ್ಯಾನೊ ಯೂರಿಯಾದ ಖಾಲಿ ಬಾಟ್ಲಿ. 500 ಮಿಲಿ. 2021ರಿಂದ ಮಾರಾಟಕ್ಕಿರುವ ಇದನ್ನು 45 ಕಿಲೋದ ಯೂರಿಯಾ ಚೀಲಕ್ಕೆ ಸಮ ಎಂದು ಪ್ರಚಾರ ಮಾಡಿದ್ದರು. ಲೇಬಲ್‌ನಲ್ಲಿ ಸಾರಜನಕ ಶೇ. 4. ಮಕ್ಕಳು ಗುಣಿಸಿದರು: ಬಾಟ್ಲಿಯಲ್ಲಿ 20 ಗ್ರಾಂ. ಚೀಲದ ಯೂರಿಯಾದಲ್ಲಿ ಸಾರಜನಕ ಶೇ. 46, ಅಂದರೆ 20 ಕಿಲೋಗೂ ಹೆಚ್ಚು.

“ಸಾವಿರ ಪಟ್ಟು ಕಡಿಮಿ ಆತಲ್ರಿ ಸರ್, ಬೆಳಿಗೆ ಹೆಂಗ್ ಸಾಲತೈತಿ?” ಎಂದ ಸಿಂದಗಿ ಕಡೆಯ ಹುಡುಗ.

ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಬಹಳಷ್ಟು ಪೋಲಾಗುತ್ತದೆ, ಸಿಂಪಡಿಸಿದ್ದು ಎಲೆಯಿಂದ ನೇರ ಒಳಹೋಗುತ್ತದೆ ಎಂಬುದು ಮಾರುವವರ ಉತ್ತರ. ಪೋಲಾದದ್ದು ಕಳೆದರೂ ಸಾವಿರ ಪಟ್ಟಿನ ಅಂತರ ಮುಚ್ಚುವುದಿಲ್ಲ. ಪಂಜಾಬಿನ ಕೃಷಿ ವಿಜ್ಞಾನಿಗಳ ಎರಡು ವರ್ಷದ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಇಳಿದಿತ್ತು. ಸಾರಜನಕ ಹೆಚ್ಚಿಸಿದ ಬಾಟ್ಲಿಗಳು ಆಮೇಲೆ ಬಂದಿವೆ. ಶಿಕ್ಷಕರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಹಾಗೇ ಬರೆದು, ಎರಡು ಮಡಿ ಜೋಳ ಬಿತ್ತಿ ನೋಡೋಣ ಎಂದರು. ಆ ಮಡಿಗಳಿಗೆ ಜಾಗ ಗುರುತು ಮಾಡಿದ್ದು ಕಂಡೆ, ಬಿತ್ತನೆ ಇನ್ನೂ ಆಗಿರಲಿಲ್ಲ.

ವಿಜ್ಞಾನ ಕಲಿಸುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಕೋಣೆಯೂ ಬೇಡ, ಪ್ರಿಂಟರೂ ಬೇಡ. ಪರಾತ, ಟಾಲ್ಕಂ ಪೌಡರ್, ಡ್ರಾಪರ್, ಸ್ಪಿರಿಟ್, ಒಂದು ಸಣ್ಣ ಸೀಸೆ ಓಲಿಕ್ ಆಮ್ಲ ಇಟ್ಟುಕೊಂಡು ಪರಾತದಿಂದಲೇ ಶುರುಮಾಡಿ. ಬೆಳ್ಳಿಯ ಪ್ರಯೋಗ ಮಾಡಿಸುವುದಿದ್ದರೆ, ತ್ಯಾಜ್ಯ ಹಿಡಿದಿಡಲು ಮುಚ್ಚಳವಿರುವ ಡಬ್ಬಿಯೊಂದನ್ನು ಮೊದಲು ತಂದಿಟ್ಟು ಆಮೇಲೆ ಮಾಡಿಸಿ.