ಊರಿನ ಸಂತ, ಲೋಕದ ಸಂತ

ಪ್ರಶ್ನೆ: ಕೆಥೋಲಿಕ್ ಧರ್ಮಸಭೆಯಲ್ಲಿ ಒಬ್ಬರನ್ನು ಸಂತರೆಂದು ಘೋಷಿಸುವುದು ಹೇಗೆ?

ಉತ್ತರ: ಪೋಪ್ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿದರೆ ಚಿನ್ನ ಹುಟ್ಟುವುದಿಲ್ಲ, ಇದ್ದ ಚಿನ್ನ ಖಾತ್ರಿಯಾಗುತ್ತದೆ. ಇದೂ ಹಾಗೆಯೇ.

ಮೊದಲು ಜನರೇ ಆ ವ್ಯಕ್ತಿಯನ್ನು ನೆನೆದು ಪ್ರಾರ್ಥಿಸತೊಡಗುತ್ತಾರೆ. ಸತ್ತು ಸಾಮಾನ್ಯವಾಗಿ 5 ವರ್ಷ ಕಳೆದ ಮೇಲೆ ಸ್ಥಳೀಯ ಬಿಷಪರು ವಿಚಾರಣೆ ಆರಂಭಿಸುತ್ತಾರೆ. ಪತ್ರ, ಬರಹ, ಸಾಕ್ಷಿಗಳ ಹೇಳಿಕೆ ಎಲ್ಲ ವ್ಯಾಟಿಕನ್‌ಗೆ ಹೋಗುತ್ತವೆ. ಬದುಕು ಆದರ್ಶವೆಂದು ಒಪ್ಪಿಗೆಯಾದ ಬಳಿಕ ಪವಾಡದ ಪರೀಕ್ಷೆ. ಆ ವ್ಯಕ್ತಿಗೆ ಮೊರೆಯಿಟ್ಟ ರೋಗಿಯೊಬ್ಬರು ವೈದ್ಯರಿಗೂ ವಿವರಿಸಲಾಗದಂತೆ ಗುಣಮುಖರಾಗಿದ್ದರೆ 'ಪುನೀತ' ಪದವಿ, ಆ ಬಳಿಕ ಇನ್ನೊಂದು ಪವಾಡ ನಡೆದರೆ 'ಸಂತ' ಪದವಿ. ಹುತಾತ್ಮರಿಗೆ ಮೊದಲ ಪವಾಡ ಬೇಕಿಲ್ಲ. ಪುನೀತರಿಗೆ ಸಲ್ಲುವ ಸಾರ್ವಜನಿಕ ಗೌರವ ಸಾಮಾನ್ಯವಾಗಿ ಅವರ ಸೀಮೆಗೆ ಸೀಮಿತ. ಸಂತರು ಇಡೀ ಜಗತ್ತಿನ ಕೆಥೋಲಿಕರಿಗೆ ಸೇರಿದವರು.

ನಮ್ಮ ಕರಾವಳಿ ಬಲ್ಲ ಜೋಸೆಫ್ ವಾಜ್ ಅವರನ್ನೇ ನೋಡಿ. 1651ರಲ್ಲಿ ಗೋವಾದಲ್ಲಿ ಹುಟ್ಟಿ, ಕೆನರಾದಲ್ಲಿ ಸೇವೆ ಮಾಡಿದ ಪಾದ್ರಿ ಅವರು. ಮಂಗಳೂರು ಬಳಿಯ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ಡಚ್ಚರು ಕೆಥೋಲಿಕರನ್ನು ಹತ್ತಿಕ್ಕುತ್ತಿದ್ದ ಶ್ರೀಲಂಕೆಗೆ 1687ರಲ್ಲಿ ವೇಷ ಮರೆಸಿಕೊಂಡು ಹೋದರು. ಕ್ಯಾಂಡಿಯಲ್ಲಿ ಬೇಹುಗಾರನೆಂಬ ಶಂಕೆಯಿಂದ ಸೆರೆವಾಸ. ಆಮೇಲೆ ಅದೇ ಊರಿಗೆ ಸಿಡುಬು ಬಡಿದು ಜನ ಓಡಿಹೋದಾಗ, ರೋಗಿಗಳನ್ನು ಉಪಚರಿಸಿ ಸತ್ತವರನ್ನು ಮಣ್ಣು ಮಾಡಿದರು. ಜಾತಿ-ಮತ ಕೇಳದ ಆ ಆರೈಕೆಗಿಂತ ದೊಡ್ಡ ಸಾಕ್ಷಿ ನನಗೆ ಕಾಣದು. 1711ರಲ್ಲಿ ತೀರಿಕೊಂಡ ಅವರು 1995ರಲ್ಲಿ ಪುನೀತರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್, ಎರಡನೇ ಪವಾಡದ ನಿಯಮವನ್ನು ಸಡಿಲಿಸಿ, ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.