ಬೂದು ಗೋಡೆಯ ಕೋಣೆಗೆ ಏನೇನು ಬೇಕು?

ಆನೇಕಲ್ ಕರಗಕ್ಕೆ ಮೂರು ಕ್ಯಾಮೆರಾ ಹಾಕಿದವರ ಕಷ್ಟ ಶುರುವಾಗುವುದು ಮರುದಿನ. ಗಿಂಬಲ್ ಮೇಲಿದ್ದ ಕ್ಯಾಮೆರಾದಲ್ಲಿ ಮಲ್ಲಿಗೆ ಬೆಳ್ಳಗಿರುತ್ತದೆ, ಮಹಡಿಯ ಮೇಲಿಟ್ಟದ್ದರಲ್ಲಿ ಸೀರಿಯಲ್ ಸೆಟ್ಟಿನ ಹಳದಿ ಮೆತ್ತಿಕೊಂಡಿರುತ್ತದೆ, ಡ್ರೋನ್ ಶಾಟಿನಲ್ಲಿ ಅದೇ ಮಲ್ಲಿಗೆ ನೀಲಿಗಟ್ಟಿರುತ್ತದೆ. ಶಾಟುಗಳನ್ನು ಕತ್ತರಿಸಿ ಜೋಡಿಸುವುದು ಮಿಕ್ಸಿಂಗ್‌ನವರ ಕೆಲಸ. ಅದು ಮುಗಿದ ಮೇಲೆ ಮೂರೂ ಕ್ಯಾಮೆರಾದ ಮಲ್ಲಿಗೆಯನ್ನು ಒಂದೇ ಬಿಳುಪಿಗೆ ತರಬೇಕು, ಹೆಸರುಗಳನ್ನು ಕೂರಿಸಬೇಕು, ಚೌಕಟ್ಟಿನೊಳಗೆ ನುಗ್ಗಿದ ಮೈಕನ್ನು ಅಳಿಸಬೇಕು, ಧ್ವನಿಯ ಮಟ್ಟ ಸರಿಮಾಡಿ ಟಿ.ವಿ.ಯವರೋ ಥಿಯೇಟರಿನವರೋ ಕೇಳಿದ ಅಳತೆಯಲ್ಲಿ ಕೊನೆಯ ಫೈಲ್ ತೆಗೆದುಕೊಡಬೇಕು. ಇಷ್ಟೂ ಸೇರಿ ಫಿನಿಶಿಂಗ್. ಇದರಲ್ಲಿ ಬಣ್ಣದ ಪಾಲನ್ನು ಗಾಂಧಿನಗರದ ಸಿನಿಮಾದವರು ಡಿಐ (ಡಿಜಿಟಲ್ ಇಂಟರ್‌ಮೀಡಿಯೇಟ್) ಎನ್ನುತ್ತಾರೆ.

ಇಡೀ ಸಿನಿಮಾವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ಬಣ್ಣ ತಿದ್ದುವ ಪದ್ಧತಿಗೆ ಹೆಸರು ಬಂದದ್ದು 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಿಂದ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪ್ಪಿಯ ದಟ್ಟ ಹಸಿರನ್ನು ಒಣಹುಲ್ಲಿನ ಹೊಂಬಣ್ಣಕ್ಕೆ ತಿರುಗಿಸಿದ್ದು ಹೀಗೆ. ಆಗ ಇಂಥ ಯಂತ್ರ ಇಟ್ಟುಕೊಳ್ಳುವುದು ದೊಡ್ಡ ಲ್ಯಾಬುಗಳಿಗಷ್ಟೇ ಸಾಧ್ಯವಿತ್ತು. ಕೆಲ ವರ್ಷಗಳ ಬಳಿಕ ಬಂದ, ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್ ವ್ಯವಸ್ಥೆಯೊಂದರ ಬೆಲೆಯೂ ಲಕ್ಷಾಂತರ ಡಾಲರ್ ಇತ್ತು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಡಾವಿಂಚಿ ಕಂಪನಿಯನ್ನು ಕೊಂಡಿತು. ಮರುವರ್ಷ ಬರೀ ಸಾಫ್ಟ್‌ವೇರ್ 995 ಡಾಲರಿಗೆ ಸಿಕ್ಕಿತು, 2011ರಲ್ಲಿ ಒಂದು ಆವೃತ್ತಿ ಪುಕ್ಕಟೆಯೇ ಬಂತು. ಆಟೊಡೆಸ್ಕ್ ಕೂಡ ತನ್ನ ಫಿನಿಶಿಂಗ್ ಸಾಫ್ಟ್‌ವೇರ್ ‘ಸ್ಮೋಕ್’ ಅನ್ನು 2009ರ ಕೊನೆಗೆ ಮ್ಯಾಕ್‌ಗೆ ತಂದಿತ್ತು, ಸುಮಾರು 15,000 ಡಾಲರಿಗೆ. ಮೂರು ವರ್ಷದೊಳಗೆ ಅದನ್ನು 3,500ರ ಆಸುಪಾಸಿಗೆ ಇಳಿಸಬೇಕಾಯಿತು.

ಹಾಗಾಗಿ ಚಂದಾಪುರದಲ್ಲೋ ಅತ್ತಿಬೆಲೆಯಲ್ಲೋ ಫಿನಿಶಿಂಗ್ ಕೋಣೆ ತೆರೆಯಬೇಕೆನ್ನುವವರು ‘ಯಾವ ಸಾಫ್ಟ್‌ವೇರ್ ಸಾರ್?’ ಎಂದು ಕೇಳಿದರೆ ಉತ್ತರಕ್ಕೆ ಎರಡು ನಿಮಿಷ ಸಾಕು. ಛತ್ರದ ಮದುವೆ ಕೆಲಸಕ್ಕೆ ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಕೈಗೆ ಕೂತಿದ್ದರೆ ಅದನ್ನು ಬಿಡಬೇಕಿಲ್ಲ. ಅಲ್ಲಿ ಕಟ್ ಮುಗಿಸಿ, ಕಟ್‌ಗಳ ಪಟ್ಟಿಯನ್ನು ಇಡಿಎಲ್ ಅಥವಾ ಎಎಎಫ್ ಫೈಲ್ ಮೂಲಕ ರಿಸಾಲ್ವ್‌ಗೆ ತಂದು ಬಣ್ಣ ಮಾಡಬಹುದು. ಪುಕ್ಕಟೆ ಆವೃತ್ತಿಯಲ್ಲಿ 3840 ಗುಣಿಸು 2160 ಅಳತೆಯವರೆಗೆ ಫೈಲ್ ತೆಗೆಯಬಹುದು. ಸುಮಾರು 300 ಡಾಲರಿನ ಸ್ಟುಡಿಯೊ ಆವೃತ್ತಿ ಬೇಕೆನಿಸುವುದು ಕರಗದಂಥ ರಾತ್ರಿಯ ಶಾಟುಗಳಿಗೆ. ಕತ್ತಲಲ್ಲಿ ಐಎಸ್‌ಒ ಏರಿಸಿ ತೆಗೆದದ್ದರ ಕಾಳುಕಾಳನ್ನು ಕಳೆಯುವ ನಾಯ್ಸ್ ರಿಡಕ್ಷನ್ ಇರುವುದು ಅದರಲ್ಲಿ.

ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಕೊನೆಯ ಫೈಲನ್ನು ಯಾರಿಗೆ ಕೊಡುತ್ತೇವೆ ಎಂಬುದನ್ನು. ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಸುರಕ್ಷತಾ ತರಬೇತಿಯ ಚಿತ್ರವೋ ಹೊಸ ಯಂತ್ರದ ಪರಿಚಯವೋ ಬೇಕು, ಮದುವೆ ಮನೆಯವರಿಗೆ ಪೆನ್‌ಡ್ರೈವ್ ಮತ್ತು ಯೂಟ್ಯೂಬ್ ಲಿಂಕ್ ಬೇಕು, ಕಿರುಚಿತ್ರದ ಹುಡುಗರಿಗೆ ಚಿತ್ರೋತ್ಸವ ಬೇಕು. ಮೊದಲ ಎರಡಕ್ಕೆ ಟಿ.ವಿ.ಯ ಹಳೆಯ ಬಣ್ಣದ ಮಾನದಂಡ ರೆಕ್ 709 ಧಾರಾಳ ಸಾಕು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇವರೇ ಆಗಿರುವಾಗ ಎಚ್‌ಡಿಆರ್ ಮಾನಿಟರಿಗೆ ಸಾಲ ಮಾಡುವುದು, ನನ್ನ ಕೇಳಿದರೆ, ಹುಚ್ಚು.

ಆದರೆ ಒಂದು ಒಳ್ಳೆಯ ರೆಕ್ 709 ಮಾನಿಟರ್ ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡಿನಿಂದ ಹೊರಡುವ ಚಿತ್ರ ವಿಂಡೋಸ್‌ನ ಕೈ ದಾಟಿ ಬರುತ್ತದೆ, ದಾರಿಯಲ್ಲಿ ಬಣ್ಣ ಕೊಂಚ ಬದಲಾದರೂ ನಮಗೆ ತಿಳಿಯದು. ಡೆಕ್‌ಲಿಂಕ್ ಅಥವಾ ಅಲ್ಟ್ರಾಸ್ಟುಡಿಯೊದಂಥ ಸಣ್ಣ ಔಟ್‌ಪುಟ್ ಸಾಧನವಿದ್ದರೆ ರಿಸಾಲ್ವ್‌ನ ಸಿಗ್ನಲ್ ನೇರವಾಗಿ ಮಾನಿಟರಿಗೆ ಹೋಗುತ್ತದೆ. ಆ ಮಾನಿಟರನ್ನು ಪ್ರೋಬ್ ಇಟ್ಟು 100 ನಿಟ್ಸ್ ಬೆಳಕಿಗೆ, 6500 ಕೆಲ್ವಿನ್ ಬಿಳುಪಿಗೆ, 2.4 ಗಾಮಾಕ್ಕೆ ಹೊಂದಿಸಿ, ಕೆಲವು ತಿಂಗಳಿಗೊಮ್ಮೆ ಮತ್ತೆ ಅಳೆಯುತ್ತಿರಬೇಕು. ಗೋಡೆಗೆ ಮ್ಯಾಟ್ ಬೂದು ಬಣ್ಣ ಬಳಿಸಬೇಕು. ಸುಣ್ಣ ಹೊಡೆದಂಥ ಬಿಳಿ ಗೋಡೆಯಾದರೆ ಬೆಳಕು ಪರದೆಗೆ ಮರಳಿ ಬಡಿಯುತ್ತದೆ. ತಿಳಿಹಸಿರು ಗೋಡೆಯಾದರೆ ಕಣ್ಣು ಹಸಿರಿಗೆ ಒಗ್ಗಿ, ಮದುಮಗಳ ಮುಖದಲ್ಲಿ ಇಲ್ಲದ ಕೆಂಪನ್ನು ಕಾಣುತ್ತದೆ. ಮಾನಿಟರಿನ ಹಿಂದೆ 6500 ಕೆಲ್ವಿನ್‌ನ ಮಂದ ದೀಪ, ಕಿಟಕಿಗೆ ದಪ್ಪ ಪರದೆ. ಗೋಡೆಯ ಬಣ್ಣ, ದೀಪ, ಪರದೆ ಇಷ್ಟಕ್ಕೆ ಆಗುವ ಖರ್ಚು ದುಬಾರಿ ಗ್ರಾಫಿಕ್ಸ್ ಕಾರ್ಡಿಗಿಂತ ಕಡಿಮೆ. ಆದರೂ ಬಹಳ ಕೋಣೆಗಳಲ್ಲಿ ಕಾರ್ಡು ಇರುತ್ತದೆ, ಕಿಟಕಿಗೆ ಪರದೆ ಇರುವುದಿಲ್ಲ.

ಡಿಸ್ಕಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಪ್ರೊರೆಸ್ 422 ಎಚ್‌ಕ್ಯು ಮಾದರಿಯಲ್ಲಿ, ಸೆಕೆಂಡಿಗೆ 24 ಫ್ರೇಮಿನಂತೆ, ಒಂದು ಗಂಟೆಯ ಅಲ್ಟ್ರಾ ಎಚ್‌ಡಿ ಚಿತ್ರಕ್ಕೆ ಸುಮಾರು 318 ಜಿಬಿ ಬೇಕು. ಅದನ್ನೇ 4ಕೆ ಡಿಪಿಎಕ್ಸ್ ಚಿತ್ರಸರಣಿಯಾಗಿ ಇಟ್ಟರೆ ಸೆಕೆಂಡಿಗೆ 850 ಎಂಬಿಯಷ್ಟು ಹರಿಯುತ್ತದೆ, ಎರಡು ಗಂಟೆಯ ಸಿನಿಮಾ 6 ಟಿಬಿ ದಾಟುತ್ತದೆ. ಸೆಕೆಂಡಿಗೆ 200 ಎಂಬಿ ಓದುವ ಸಾಮಾನ್ಯ ಹಾರ್ಡ್‌ಡಿಸ್ಕ್ ಅಲ್ಲಿ ಏದುಸಿರು ಬಿಡುತ್ತದೆ. ಹೊಸ ಕೋಣೆಗೆ ಡಿಪಿಎಕ್ಸ್ ಗೊಡವೆ ಬೇಡ. ನಡೆಯುತ್ತಿರುವ ಕೆಲಸಕ್ಕೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದದ್ದಕ್ಕೆ ರೇಡ್‌ನಲ್ಲಿ ಕಟ್ಟಿದ ಹಾರ್ಡ್‌ಡಿಸ್ಕುಗಳು, ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ. ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಜೋಡಿಸಿಕೊಳ್ಳಬಹುದು, ಆದರೆ ಬಿಲ್ಲಿನಲ್ಲಿ ಆನ್‌ಲೈನ್ ಯುಪಿಎಸ್ ತಪ್ಪದೆ ಇರಲಿ. ರೆಂಡರ್ ಶೇಕಡಾ 90 ಆದಾಗಲೇ ಕರೆಂಟು ಹೋಗುವುದೆಂದು ಎಲ್ಲ ಎಡಿಟರುಗಳೂ ಪ್ರಮಾಣ ಮಾಡಿ ಹೇಳುತ್ತಾರೆ. ಗ್ರಾನೈಟ್ ಕೊಯ್ಯುವ ಜಿಗಣಿ ಕಡೆಯವರಾದರೆ ಕ್ಯಾಬಿನೆಟ್ಟಿಗೆ ದೂಳಿನ ಜಾಲರಿಯನ್ನೂ ಹಾಕಿಸಬೇಕು.

ಬಣ್ಣ ತಿರುಗಿಸುವ ಕಂಟ್ರೋಲ್ ಪ್ಯಾನೆಲ್ ಈಗಲೇ ಬೇಡ. ಗಿರಾಕಿ ಪಕ್ಕದಲ್ಲಿ ಕುಳಿತು ‘ಇನ್ನೊಂಚೂರು ಬೆಚ್ಚಗೆ ಮಾಡಿ’ ಎನ್ನುವ ದಿನ ಬಂದಾಗ ಅದರ ಬೆಲೆ ಹುಟ್ಟುತ್ತದೆ. ಕೆಲಸ ಬಲ್ಲ ಕೈಗಳಿಗಂತೂ ಬೆಂಗಳೂರಿನಲ್ಲಿ ಬರವಿಲ್ಲ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಬಾಗಿಲು ಹಾಕಿದಾಗ ಹಾಲಿವುಡ್ ಚಿತ್ರಗಳಿಗೆ ವಿಎಫ್ಎಕ್ಸ್ ಮಾಡುತ್ತಿದ್ದ ಸಾವಿರಾರು ಜನ ಇಲ್ಲಿ ಒಮ್ಮೆಲೇ ಕೆಲಸ ಕಳೆದುಕೊಂಡರು.

ಕಿರುಚಿತ್ರದವರ ವಿಷಯ ಸ್ವಲ್ಪ ಬೇರೆ. ಥಿಯೇಟರಿಗೆ ಬೇಕಾದ ಡಿಸಿಪಿ ಎಂಬ ಫೈಲ್ ಮಾದರಿಯ ಬಣ್ಣದ ಲೆಕ್ಕ ಟಿ.ವಿ.ಯದಲ್ಲ, ಗಾಮಾ 2.6, ಬೆಳಕು 48 ನಿಟ್ಸ್. ಈ ಪರಿವರ್ತನೆಯನ್ನು ಮಾಡಿಕೊಡುವ ಡಿಸಿಪಿ-ಒ-ಮ್ಯಾಟಿಕ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ತೊಡಕು ಬರುವುದು ಫ್ರೇಮಿನಲ್ಲಿ. ನಮ್ಮ ಟಿ.ವಿ. ಲೋಕ ಸೆಕೆಂಡಿಗೆ 25ರದ್ದು, ಥಿಯೇಟರಿನ ಸರ್ವರುಗಳಿಗೆ ತಕರಾರಿಲ್ಲದ ಲೆಕ್ಕ 24. ಹಾಗಾಗಿ ಶೂಟಿಂಗಿಗೆ ಹೊರಡುವ ಮೊದಲೇ ಹುಡುಗರನ್ನು ಕೂರಿಸಿ ಕ್ಯಾಮೆರಾವನ್ನು 24ಕ್ಕೆ ಹಾಕಿಸುವುದೂ ಫಿನಿಶಿಂಗ್‌ನವರ ಪಾಲಿಗೇ ಬರುತ್ತದೆ. ಡಿಸಿಪಿ ತುಂಬುವ ಡ್ರೈವನ್ನು ಲಿನಕ್ಸ್‌ನ ಇಎಕ್ಸ್‌ಟಿ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಹತ್ತಿರದ ಥಿಯೇಟರಿನ ಆಪರೇಟರನ್ನು ವಿಚಾರಿಸಿಕೊಂಡು ಬೆಳಗಿನ ಆಟಕ್ಕೆ ಮೊದಲು ಹತ್ತು ನಿಮಿಷ ಓಡಿಸಿ ನೋಡಬೇಕು.